ಹದಿನಾಲ್ಕನೇ ನಂಬರಿನ ಮಾತು

ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ನಾನು ಐದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ಆಗ ಮನೆಗೆ ಫೋನು ಬೇಕೆಂದರೆ ಸರಕಾರಕ್ಕೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಅಪ್ಪ ಅರ್ಜಿ ಹಾಕಿದರೆ ಮಗ ಹಲೋ ಅನ್ನುತ್ತಾನೆ ಎಂದು ಜನ ನಗುತ್ತಿದ್ದರು. ನಮ್ಮ ಕಾರ್ಖಾನೆಗೆ ಸಿಕ್ಕಿದ್ದು ಎರಡೇ ಲೈನು. ಆಫೀಸು, ಗೋದಾಮು, ಹೆಂಚು ಸುಡುವ ಭಟ್ಟಿ, ಗೇಟು, ಹಿಂದಿನ ಕ್ವಾರ್ಟರ್ಸಿನ ಎಂಟು ಮನೆ, ಹೀಗೆ ಒಳಗೆ ಇಪ್ಪತ್ತು ಫೋನುಗಳಿದ್ದವು. ಅವೆಲ್ಲ ಒಂದಕ್ಕೊಂದು ಮಾತಾಡಲಿ, ಹೊರಗೆ ಮಾತಾಡಲಿ, ಒಂದು ಮರದ ಬೋರ್ಡಿನ ಮೂಲಕವೇ ಹಾಯಬೇಕು. ಆ ಬೋರ್ಡಿನ ಮುಂದಿನ ಸ್ಟೂಲು ನನ್ನದು.

ಯಾರಾದರೂ ಫೋನ್ ಎತ್ತಿದರೆ ಬೋರ್ಡಿನ ಮೇಲೆ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ ಅಂತ ಬೀಳುತ್ತಿತ್ತು. ನಾನು ಅಲ್ಲಿಗೆ ಒಂದು ವಾಯರು ಸಿಕ್ಕಿಸಿ, ಯಾರು ಬೇಕು ಕೇಳಿ, ಅದರ ಜೋಡಿ ವಾಯರನ್ನು ಬೇಕಾದ ನಂಬರಿಗೆ ಸಿಕ್ಕಿಸಿ ಗಂಟೆ ಬಾರಿಸುತ್ತಿದ್ದೆ. ಪ್ರತಿ ಜೋಡಿಗೂ ಒಂದು ಕೀ, ಅಂದರೆ ಪುಟ್ಟ ಹಿಡಿಕೆ. ಅದನ್ನು ನನ್ನ ಕಡೆ ಎಳೆದಿದ್ದರೆ ಇಬ್ಬರ ಮಾತೂ ನನಗೆ ಕೇಳುತ್ತದೆ. ಬಿಟ್ಟರೆ ಅವರ ಪಾಡಿಗೆ ಅವರು. ಮಾತು ಕೂಡಿತೆಂದು ಖಾತ್ರಿಯಾದ ಕೂಡಲೇ ಕೀ ಬಿಡಬೇಕೆಂದು ಬೆಳಗಾವಿಯಲ್ಲಿ ನನಗೆ ಕೆಲಸ ಕಲಿಸಿದವರು ಹತ್ತು ಸಲ ಹೇಳಿದ್ದರು. ಅವರ ಮಾತು ಕೇಳಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ಸಾಹೇಬರು ಒಂದು ಉದ್ದನೆಯ ರಿಜಿಸ್ಟರು ಕೊಟ್ಟರು. ಯಾರು ಯಾರಿಗೆ ಫೋನ್ ಮಾಡಿದರು, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗೀತು. ಕೊನೆಯ ಕಾಲಮ್ಮಿಗೆ ‘ಶರಾ’ ಎಂದು ಬರೆದಿತ್ತು.

“ಇದರಾಗ ಏನ್ ಬರೀಬೇಕ್ರಿ?” ಎಂದೆ.

“ಕಂಪನಿಗೆ ಸಂಬಂಧಪಟ್ಟದ್ದು ಏನರ ಕಿವಿಗೆ ಬಿದ್ರ ಬರೀರಿ. ಫೋನ್ ಕಂಪನೀದು, ಲೈನ್ ಕಂಪನೀದು. ಅದರಾಗ ಆಡೂ ಮಾತೂ ಕಂಪನೀದ.” ಒಂದು ಕ್ಷಣ ನನ್ನ ಹಣೆಯ ವಿಭೂತಿ ನೋಡಿದರು. “ನಿಮಗ ಮರಾಠಿ ಬರತೈತೇನು?”

“ಛಲೋ ಬರತೈತ್ರಿ.”

“ಬರೂದಿಲ್ಲ ಅಂತ ಹೇಳ್ರಿ. ಯಾರರ ಕೇಳಿದ್ರ ನಮ್ಮೂರು ಬೈಲಹೊಂಗಲದ ಕಡೆ, ಅಲ್ಲಿ ಬರೇ ಕನ್ನಡ ಅನ್ರಿ.”

ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ಶಹಾಪುರದಲ್ಲಿ. ಬಾಜು ಮನೆಯ ಮರಾಠಿ ಅಜ್ಜಿಯ ಒಲೆ ಮುಂದೆ ಕುಳಿತು ನಾನು ಆ ಭಾಷೆಯಲ್ಲಿ ಜಗಳ ಆಡುವುದನ್ನೂ ಕಲಿತಿದ್ದೆ, ಮುದ್ದು ಮಾಡಿಸಿಕೊಳ್ಳುವುದನ್ನೂ ಕಲಿತಿದ್ದೆ. ಆದರೆ ಕೆಲಸ ನನಗೆ ಬೇಕಾಗಿತ್ತು. ಅಪ್ಪ ತೀರಿಹೋಗಿದ್ದರು. ಅಣ್ಣನ ಮನೆಯಲ್ಲಿ ನಾನು ಇಪ್ಪತ್ತನಾಲ್ಕು ವರ್ಷದ ಕನ್ಯೆ. ನಾಲ್ಕು ಕಡೆಯವರು ನೋಡಲು ಬಂದು ಅವಲಕ್ಕಿ ತಿಂದು ಹೋಗಿದ್ದರು. ಅವ್ವ ಬಾಯಿ ಬಿಟ್ಟು ಏನೂ ಅನ್ನದಿದ್ದರೂ ಅಣ್ಣನ ಹೆಂಡತಿ, ನನ್ನ ವೈನಿ, ಪಾತ್ರೆಗಳ ಮೂಲಕ ಮಾತಾಡುತ್ತಿದ್ದಳು. ಖಾನಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು, ರವಿವಾರ ಮಾತ್ರ ಬೆಳಗಾವಿಗೆ ಹೋಗಿ ಬರುವುದೆಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಹಾಗಾಗಿ ಬೈಲಹೊಂಗಲವೇ ನನ್ನ ಊರಾಯಿತು.

ಸಾಹೇಬರ ಲೆಕ್ಕ ಸರಿಯಾಗಿತ್ತು. ಖಾನಾಪುರದ ಜನಕ್ಕೆ ಎರಡು ಭಾಷೆ ಎರಡು ಕೈ ಇದ್ದ ಹಾಗೆ. ನನ್ನ ಜೊತೆ ನಂಬರ್ ಕೇಳುವಾಗ ಕನ್ನಡ. ಆ ಕಡೆಯವರು ಸಿಕ್ಕಮೇಲೂ ಒಂದೆರಡು ಮಾತು ಕನ್ನಡ. ಬಚ್ಚಿಡುವ ವಿಷಯ ಬಂದಾಗ ಮಾತ್ರ ಮರಾಠಿಗೆ ಹೊರಳುತ್ತಿದ್ದರು. ನಾನು ಕೇಳುತ್ತಿದ್ದೇನೋ ಏನೋ ಎಂಬ ಅನುಮಾನ ಅವರಿಗೆ ಇದ್ದೇ ಇತ್ತು. ಕೇಳಿದರೂ ತಿಳಿಯುವುದಿಲ್ಲ ಎಂಬ ಧೈರ್ಯವೂ ಇತ್ತು. ಅವರಾಗಿಯೇ ಗುಟ್ಟಿನ ಮಾತನ್ನೆಲ್ಲ ಬೇರೆ ತೆಗೆದು ನನ್ನ ಕಿವಿಗೆ ಹಾಕುತ್ತಿದ್ದರು.

ಸಾಹೇಬರು ಹೇಳಿದ್ದಕ್ಕೆ ಕೇಳಿದೆ ಎಂದರೆ ಅರ್ಧ ಸುಳ್ಳು. ಅವರು ಹೇಳದಿದ್ದರೂ ಕೇಳುತ್ತಿದ್ದೆ. ನನ್ನ ಕೋಣೆಯಲ್ಲಿ ಸಂಜೆ ಆರರಿಂದ ಬೆಳಗಿನವರೆಗೆ ನನ್ನನ್ನು ಮಾತಾಡಿಸುವ ಒಂದು ನರಪಿಳ್ಳೆ ಇರಲಿಲ್ಲ. ಮಳೆಗಾಲ ಬಂತೆಂದರೆ ಸೂರಿನ ನೀರಿನ ಸದ್ದು ಮಾತ್ರ. ಬೋರ್ಡಿನ ಮುಂದೆ ಕುಳಿತಾಗ ಊರಿಗೆ ಊರೇ ನನ್ನ ಕಿವಿಯಲ್ಲಿ ಸಂಸಾರ ಮಾಡುತ್ತಿತ್ತು. ಯಾರದೋ ಮನೆಯ ಬಾಣಂತನ, ಯಾರದೋ ಅತ್ತೆಯ ಕಾಟ, ಯಾರೋ ಗೋವಾದಿಂದ ತರಿಸಿದ ಮೀನಿನ ಸುದ್ದಿ. ಎಲ್ಲರ ಮನೆಯ ಒಳಕೋಣೆ ನನಗೆ ಗೊತ್ತಿತ್ತು. ಹಬ್ಬಕ್ಕೆ ಬಾ ಎಂದು ಕರೆದವರು ಮಾತ್ರ ಯಾರೂ ಇಲ್ಲ.

ಮೊದಲ ವರ್ಷ ಒಂದು ಕೆಟ್ಟ ಕೆಲಸ ಮಾಡಿದೆ. ಗುಂಜಿಯಿಂದ ದಿನಾ ರೈಲಿನಲ್ಲಿ ಬರುವ ಫಿಟ್ಟರ್ ಒಬ್ಬನಿದ್ದ. ಗೋದಾಮಿನ ಫೋನಿನಿಂದ ಬೆಳಗಾವಿಯ ಉದ್ಯಮಬಾಗದ ಯಾವುದೋ ಫೌಂಡ್ರಿಗೆ ಮಾತಾಡಿ, ಮುಂದಿನ ತಿಂಗಳು ಬರ್ತೀನಿ, ಇಲ್ಲಿ ಇನ್ನೂ ಹೇಳಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ನಾನು ಶರಾ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: ‘ಬೇರೆ ಕಡೆ ಕೆಲಸದ ವಿಚಾರ’. ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳುವ ಹುಚ್ಚು. ಅದೇ ವಾರ ಅವನನ್ನು ಗೇಟಿನಿಂದ ಹೊರಗೆ ಕಳಿಸಿದರು. ಆ ಫೌಂಡ್ರಿಯವರಿಗೂ ಸಾಹೇಬರು ಫೋನ್ ಮಾಡಿ ಅವನ ಬಗ್ಗೆ ನಾಲ್ಕು ಮಾತು ಹೇಳಿದರು. ಆ ಫೋನ್ ಕೂಡಿಸಿ ಕೊಟ್ಟವಳೂ ನಾನೇ. ಅವತ್ತಿನಿಂದ ಶರಾ ಕಾಲಮ್ಮಿನಲ್ಲಿ ‘ಏನಿಲ್ಲ, ಏನಿಲ್ಲ’ ಎಂದು ಬರೆಯುತ್ತ ಹೋದೆ. ಕೀ ಎಳೆಯುವುದನ್ನು ಮಾತ್ರ ಬಿಡಲಿಲ್ಲ.

ಹದಿನಾಲ್ಕನೇ ನಂಬರು ಭಟ್ಟಿ ಸೂಪರ್‌ವೈಜರರ ಮನೆ. ಮರಾಠಿ ಮನೆತನ. ಅವರ ಮಗಳು ಬೆಳಗಾವಿಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ಒಂದು ಮಧ್ಯಾಹ್ನ ಎರಡೂವರೆಗೆ ಆ ಮುಚ್ಚಳ ಬಿತ್ತು.

“ಬಾಯಾರ, ಟೈಮ್ ಎಷ್ಟಾತ್ರಿ?”

ಹೇಳಿದೆ. ಮರುದಿನ ಮತ್ತೆ ಅದೇ ಹೊತ್ತಿಗೆ ಅದೇ ಪ್ರಶ್ನೆ. ಐದನೇ ದಿನ ನಾನು ನಕ್ಕೆ. “ನಿಮ್ಮನಿ ಗಡಿಯಾರಕ್ಕ ಕೀಲಿ ಕೊಡವರ ಇಲ್ಲೇನು?”

“ಗಡಿಯಾರ ಬರೋಬ್ಬರಿ ನಡದೈತ್ರಿ. ನನಗ ಹೊತ್ತ ಹೋಗವಲ್ದು.”

ಅಲ್ಲಿಂದ ಶುರುವಾಯಿತು. ಅವಳ ಅವ್ವ ಮಲಗಿದ ಮೇಲೆ, ಅಪ್ಪ ಭಟ್ಟಿಯ ಕಡೆ ಹೋದ ಮೇಲೆ, ಎರಡೂವರೆಯಿಂದ ಮೂರೂವರೆವರೆಗೆ ಬೋರ್ಡು ತೂಕಡಿಸುವ ಹೊತ್ತು. ಅವಳು ಹೊರಗಿನವರಿಗೆ ಮರ್ಯಾದೆಗೆ ಅನ್ನುವ ಬಾಯಾರ ಬಿಟ್ಟು ಅಕ್ಕಾ ಅನ್ನತೊಡಗಿದಳು. ಓದಿದ ಕಾದಂಬರಿ, ಕಾಲೇಜಿನ ಗೆಳತಿಯರು, ಮೂಗಿನ ಮೇಲಿನ ಒಂದು ಮೊಡವೆ, ಎಲ್ಲ ನನ್ನ ಕಿವಿಗೆ. ಬೋರ್ಡಿಗೇ ಬಂದ ಮಾತಿಗೆ ರಿಜಿಸ್ಟರಿನಲ್ಲಿ ಸಾಲು ಇರಲಿಲ್ಲ. ಇಡೀ ಕಾರ್ಖಾನೆಯಲ್ಲಿ ಯಾರೂ ಬರೆದಿಡದ ಮಾತು ಅದೊಂದೇ, ಮತ್ತು ಅದರಲ್ಲಿ ಅರ್ಧ ನನ್ನದು. ಬೆಳಿಗ್ಗೆ ಎದ್ದಾಗ ಎರಡೂವರೆಗೆ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುತ್ತಿದ್ದೆ. ರವಿವಾರ ನನಗೆ ಬೇಡವಾಯಿತು.

ಫಿಟ್ಟರನ ಸುದ್ದಿಯನ್ನೂ ಅವಳೇ ಒಮ್ಮೆ ಎತ್ತಿದಳು. “ಪಾಪ, ಯಾರಿಗೂ ಹೇಳಿದ್ದಿಲ್ಲಂತ ಅಂವ. ಹೆಂಗ ಗೊತ್ತಾತೋ ಏನೋ. ಗ್ವಾಡಿಗೂ ಕಿವಿ ಇರತಾವ ನೋಡ್ರಿ ಅಕ್ಕಾ.” ನಾನು ಹೂಂ ಅಂದೆ.

ಒಂದು ದಿನ ಅವಳಿಗೆ ಹುಕ್ಕಿ ಬಂತು. “ಅಕ್ಕಾ, ಈ ಊರಾಗ ಮರಾಠಿ ಬರಲಿಲ್ಲಂದ್ರ ಸಂತ್ಯಾಗ ಎಲ್ಲಾರೂ ನಿಮಗ ಟೋಪಿ ಹಾಕ್ತಾರ. ನಾ ಕಲಸ್ತೀನಿ.” ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಆ ಪಾಠ ಇರುತ್ತಿರಲಿಲ್ಲ, ಪಾಠದ ನೆವದ ಒಂದು ತಾಸು ಇರುತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಶಿಷ್ಯೆಯಾದೆ. ಅವಳು ಒಂದೊಂದೇ ಶಬ್ದ ಹೇಳಿಕೊಡುತ್ತಿದ್ದಳು. ನಾನು ಬೇಕಂತಲೇ ತಪ್ಪು ಹೇಳುತ್ತಿದ್ದೆ. ‘ಖರೇ’, ‘ಬಾಜು’ ಎಲ್ಲ ಮರಾಠಿಯೇ ಎಂದು ಗೊತ್ತಾದಾಗ ಆಶ್ಚರ್ಯಪಟ್ಟಂತೆ ನಟಿಸಿದೆ. “ನೋಡ್ರಿ, ಅರ್ಧ ನಿಮಗ ಮದಲ ಬರತೈತಿ” ಎಂದು ಅವಳು ಹೊಟ್ಟೆ ತುಂಬ ನಕ್ಕಳು. ಇಷ್ಟು ನಿಧಾನ ಕಲಿಯುವವಳನ್ನು ಕಂಡು ಅವಳಿಗೆ ಬೇಸರವಾಗಲಿಲ್ಲ. ಅವಳ ಆ ತಾಳ್ಮೆ ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಸಂಕ್ರಾಂತಿಯ ನಂತರ ಅವರ ಮನೆಯಲ್ಲಿ ಹಳದಿ ಕುಂಕುಮ ಇತ್ತು. ತನ್ನ ಅವ್ವನನ್ನು ಕಾಡಿ ಬೇಡಿ ನನ್ನನ್ನೂ ಕರೆಸಿದಳು. ಮದುವೆಯಾಗದವಳನ್ನು ಅಂಥದಕ್ಕೆ ಕರೆಯುವ ರೂಢಿ ಇರಲಿಲ್ಲ. ಎಳ್ಳುಬೆಲ್ಲಕ್ಕಾದರೂ ಬರಲಿ ಎಂದಿದ್ದಳಂತೆ. ಅವಳನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಸಣ್ಣ ಆಳು, ದೊಡ್ಡ ಕಣ್ಣು, ದನಿಗಿಂತ ಚಿಕ್ಕವಳಾಗಿ ಕಂಡಳು. ನನ್ನ ಬಾಜು ಕುಳಿತಿದ್ದ ಒಬ್ಬ ಹಿರಿಯ ಹೆಂಗಸು ಇನ್ನೊಬ್ಬಳಿಗೆ ಮರಾಠಿಯಲ್ಲಿ, ‘ಈ ವಯಸ್ಸಿನಲ್ಲಿ ಬರಿಗೊರಳಲ್ಲಿ ಬಂದು ಕೂತಿದೆ ನೋಡು, ಇದನ್ನು ಯಾರು ಕಟ್ಟಿಕೊಳ್ಳಬೇಕು ಪಾಪ’ ಎಂದಳು. ನಾನು ಕೈಯಲ್ಲಿದ್ದ ಎಳ್ಳಿನ ಉಂಡೆಯನ್ನೇ ನೋಡುತ್ತ ಕುಳಿತೆ. ನನ್ನ ಹುಡುಗಿಯ ಮುಖ ಕೆಂಪಾಯಿತು. ನನ್ನ ಕಿವಿಯ ಹತ್ತಿರ ಬಗ್ಗಿ, “ನಿಮ್ಮ ಸೀರಿ ಭಾಳ ಚಂದ ಐತಿ ಅಂದ್ರು ಅಕ್ಕಾ” ಎಂದಳು. ನಾನು ಆ ಹೆಂಗಸಿನ ಕಡೆ ತಿರುಗಿ ನಕ್ಕೆ. ಅವತ್ತು ಕೋಣೆಗೆ ಬಂದು ಅತ್ತದ್ದು ಆ ಹೆಂಗಸಿನ ಮಾತಿಗಲ್ಲ. ನನಗೆ ನೋವಾಗಬಾರದೆಂದು ಒಬ್ಬಳು ಸುಳ್ಳು ಹೇಳಿದ್ದಳಲ್ಲ, ಅದಕ್ಕೆ.

ಆ ಬೇಸಿಗೆಯಲ್ಲಿ ಅವಳಿಗೆ ಒಂದು ಸಂಬಂಧ ಬಂತು. ನಮ್ಮ ಕ್ಯಾಶಿಯರ್ ಸಾಹೇಬರೇ ತಂದದ್ದು, ಅವರ ದೂರದ ನೆಂಟರ ಮಗ. ಬೆಳಗಾವಿಯಲ್ಲಿ ಸ್ವಂತ ಮನೆ, ಸ್ವಂತ ಅಂಗಡಿ. ಹುಡುಗಿಗೂ ಒಪ್ಪಿಗೆ. ಗುರುವಾರ ಸಾಖರಪುಡಾ, ಅಂದರೆ ನಿಶ್ಚಯ. ಎರಡೂವರೆಯ ಪಾಠ ನಿಂತು ಸೀರೆಯ ಬಣ್ಣದ ಮಾತು ಶುರುವಾಗಿತ್ತು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವಳು ಹೋದ ಮೇಲೆ ಆ ಮುಚ್ಚಳ ಹೇಗೆ ಬೀಳುತ್ತದೆ ಎಂದು ಯೋಚಿಸುತ್ತಿದ್ದೆ.

ಸೋಮವಾರ ಹನ್ನೊಂದರ ಸುಮಾರಿಗೆ ಬೆಳಗಾವಿಯಿಂದ ಕ್ಯಾಶಿಯರ್ ಸಾಹೇಬರಿಗೆ ಫೋನ್ ಬಂತು. ಹುಡುಗನ ಅಪ್ಪ. ಕೂಡಿಸಿದೆ, ಕೀ ಎಳೆದೇ ಇತ್ತು. ಹುಡುಗನ ಅಪ್ಪ ದನಿ ಇಳಿಸಿ, ಲೈನಿನಲ್ಲಿ ಯಾರಾದರೂ ಇದ್ದಾರೋ ಎಂದು ಕೇಳಿದ. ಕ್ಯಾಶಿಯರ್ ಸಾಹೇಬರು ನಕ್ಕು, “ಬೋಲಾ, ತೀ ಕಾನಡಿ ಆಹೆ” ಎಂದರು. ಮಾತಾಡ್ರಿ, ಅಕಿ ಕನ್ನಡದಾಕಿ.

ಆಮೇಲೆ ಅವರು ಮಾತಾಡಿದ್ದು ಇಷ್ಟು. ಹುಡುಗನಿಗೆ ಮೊದಲೇ ಒಂದು ಮದುವೆಯಾಗಿದೆ. ಆ ಹೆಣ್ಣು ಎರಡು ವರ್ಷದಿಂದ ಚಂದಗಡದ ಕಡೆ ತವರಿನಲ್ಲಿದೆ. ಕೋರ್ಟು ಕಚೇರಿ ಏನೂ ಆಗಿಲ್ಲ. ಆ ಹೆಣ್ಣಿನ ಅಣ್ಣಂದಿರು ಬಂದು ಗಲಾಟೆ ಮಾಡಿದರೆ ಎಂಬ ಅಂಜಿಕೆ ಇದೆ, ಅದಕ್ಕೇ ಲಗ್ನ ಬೇಗ ಆಗಲಿ. ಹೆಣ್ಣಿನ ಕಡೆಯವರಿಗೆ ಈಗಲೇ ಹೇಳುವುದು ಬೇಡ. ಆದ ಮೇಲೆ ಎಲ್ಲ ಹೊಂದಿಕೊಳ್ಳುತ್ತದೆ. ಕ್ಯಾಶಿಯರ್ ಸಾಹೇಬರು, ನಾನ್ಯಾಕೆ ಹೇಳಲಿ ಎಂದರು.

ಅವತ್ತು ಶರಾ ಕಾಲಮ್ಮಿನಲ್ಲಿ ‘ಏನಿಲ್ಲ’ ಎಂದು ಬರೆಯುವಾಗ ಪೆನ್ನಿನ ಮೊನೆ ಕಾಗದದೊಳಗೆ ಹೋಯಿತು.

ಎರಡು ದಿನ ಒದ್ದಾಡಿದೆ. ಹೆಸರಿಲ್ಲದ ಪತ್ರ ಬರೆಯೋಣವೆಂದರೆ ನನ್ನ ದುಂಡಗಿನ ಅಕ್ಷರ ಇಡೀ ಆಫೀಸಿಗೆ ಗೊತ್ತು. ಅವಳ ಅಪ್ಪನಿಗೆ ಹೇಳೋಣವೆಂದರೆ ನಿಮಗೆ ಹೇಗೆ ತಿಳೀತು ಎಂದು ಕೇಳುತ್ತಾರೆ. ಯಾವ ದಾರಿಯಲ್ಲಿ ಹೋದರೂ ತುದಿಗೆ ಅದೊಂದೇ ಪ್ರಶ್ನೆ ನಿಂತಿರುತ್ತಿತ್ತು. ಸುಮ್ಮನಿದ್ದರೆ ನನ್ನ ಕೆಲಸಕ್ಕೂ ಧಕ್ಕೆ ಇಲ್ಲ, ಅವಳ ಪ್ರೀತಿಗೂ ಧಕ್ಕೆ ಇಲ್ಲ. ಅವಳು ಮಾತ್ರ ಬಾವಿಗೆ ಬೀಳುತ್ತಾಳೆ. ಬುಧವಾರ ಎರಡೂವರೆಗೆ ಅವಳ ಮುಚ್ಚಳ ಬಿದ್ದಾಗ ಅವಳು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ.

“ನಾಳಿ ನಿಶ್ಚಯ ಬ್ಯಾಡವ್ವಾ. ಆ ಹುಡುಗಗ ಮದಲ ಒಂದ ಲಗ್ನ ಆಗೈತಿ. ಅಕಿ ಚಂದಗಡದ ಕಡೆ ತವರಮನ್ಯಾಗ ಅದಾಳ. ಬಿಡುಗಡೆ ಆಗಿಲ್ಲ.”

“ಯಾರ ಹೇಳಿದ್ರು ಅಕ್ಕಾ?”

“ಬೆಳಗಾವ್ಯಾಗ ಯಾರೋ ಅಂದ್ರು.”

“ನಮ್ಮ ಕಾಕಾ ಹೇಳಿಲ್ಲಲ್ಲಾ.” ಕ್ಯಾಶಿಯರ್ ಸಾಹೇಬರನ್ನು ಅವಳು ಕಾಕಾ ಅನ್ನುತ್ತಿದ್ದಳು. “ಅವರಿಗೆ ಗೊತ್ತಿದ್ರ ಹೇಳತಿದ್ರು.”

“ಅವರಿಗೂ ಗೊತ್ತೈತಿ. ಮುಚ್ಚಿಟ್ಟಾರ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ದಡ್ಡಿಯಲ್ಲ.

“ಅವರಿಗೆ ಗೊತ್ತೈತಿ ಅನ್ನೂದು ನಿಮಗ ಹೆಂಗ ಗೊತ್ತಾತು?”

ಉತ್ತರಕ್ಕೆ ಅವಳು ಕಾಯಲಿಲ್ಲ. ಅವಳು ನಿಧಾನಕ್ಕೆ, ಪಾಠ ಹೇಳುವಾಗಿನ ದನಿಯಲ್ಲೇ ಮಾತಾಡಿದಳು. “ಅವರು ತಮ್ಮ ತಮ್ಮಾಗ ಮಾತಾಡೂದು ಮರಾಠಿ.”

“ಹೂಂ.”

“ನಿಮಗ ಮರಾಠಿ ಬರೂದಿಲ್ಲ.”

“ಬರತೈತಿ. ಸಣ್ಣಾಕಿದ್ದಾಗಿಂದ ಬರತೈತಿ.”

“ಹಳದಿ ಕುಂಕುಮದ ದಿನಾ, ಅವರು ಅಂದದ್ದು?”

“ತಿಳಿದಿತ್ತು.”

“ನಾ ಸುಳ್ಳ ಹೇಳಿದ್ದೂ?”

“ಅದೂ ತಿಳಿದಿತ್ತು.”

ಕೊನೆಗೆ ಕೇಳಿದಳು. “ಆ ಗುಂಜಿ ಫಿಟ್ಟರಂದು?”

ಅದಕ್ಕೆ ನನ್ನ ಬಾಯಿ ಏಳಲಿಲ್ಲ. ಅವಳು ಫೋನ್ ಇಟ್ಟಳು.

ನಿಶ್ಚಯ ಮುರಿಯಿತು. ಅವಳ ಅಪ್ಪ ಅವತ್ತೇ ಸಂಜೆ ಚಂದಗಡದ ಬಸ್ಸು ಹಿಡಿದು ವಿಚಾರಿಸಿ ಬಂದರಂತೆ. ಕ್ಯಾಶಿಯರ್ ಸಾಹೇಬರಿಗೂ ಅವರಿಗೂ ಮಾತು ಬಿಟ್ಟಿತು. ಯಾರು ಹೇಳಿದರೆಂದು ಮನೆಯವರು ಕೇಳಿದಾಗ ಹುಡುಗಿ, ಕಾಲೇಜಿನ ಗೆಳತಿಯೊಬ್ಬಳು ಪತ್ರ ಬರೆದಿದ್ದಳು, ಅದನ್ನು ಹರಿದು ಹಾಕಿದೆ ಎಂದಳಂತೆ. ನನ್ನ ಹೆಸರು ತೆಗೆಯಲಿಲ್ಲ. ನನ್ನ ಕೆಲಸ ಉಳಿಸಿದಳು. ಇದೂ ನನಗೆ ಯಾರೂ ಬಂದು ಹೇಳಿದ್ದಲ್ಲ. ಅವಳ ಅಪ್ಪ ಬೆಳಗಾವಿಯ ತಮ್ಮನಿಗೆ ಫೋನಿನಲ್ಲಿ ಹೇಳುವಾಗ ಕೀ ಎಳೆದು ಕೇಳಿಸಿಕೊಂಡದ್ದು. ಅಷ್ಟಾದ ಮೇಲೂ ಎಳೆದೆ, ಎಂಥ ಜನ್ಮವೋ ನನ್ನದು.

ಎರಡೂವರೆ ಬರುತ್ತಿತ್ತು, ಹೋಗುತ್ತಿತ್ತು. ಮೊದಲ ವಾರ, ಸಿಟ್ಟು ಇಳಿಯಲಿ ಎಂದು ಕಾದೆ. ಎರಡನೇ ವಾರ, ಮಾಡಿದ ಉಪಕಾರವಾದರೂ ನೆನಪಾಗಲಿ ಎಂದು ನನಗೇ ಸಿಟ್ಟು ಬಂತು. ಅವಳನ್ನು ಬಾವಿಗೆ ಬೀಳದಂತೆ ಹಿಡಿದವಳು ನಾನಲ್ಲವೇ? ಹಿಡಿದದ್ದು ನಿಜ. ಆದರೆ ಅವಳು ನನಗೆ ಹೇಳಿದ ಮಾತು ಬಿಟ್ಟು, ಬೇರೆಯವರೊಡನೆ ಆ ಫೋನಿನಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಅವಳು ಈಗ ಮತ್ತೆ ನೆನೆಸಿಕೊಂಡು, ಇದನ್ನೂ ಕೇಳಿದ್ದಳೇ, ಅದನ್ನೂ ಕೇಳಿದ್ದಳೇ ಎಂದು ಎಣಿಸುತ್ತಿರಬೇಕು ಎಂದು ಹೊಳೆದಾಗ ನನ್ನ ಸಿಟ್ಟು ಇಳಿದುಹೋಯಿತು. ಅವೆಲ್ಲವನ್ನೂ ನಾನು ಕೇಳಿದ್ದೆ.

ಒಮ್ಮೆ ಕ್ವಾರ್ಟರ್ಸಿನವರೆಗೂ ಹೋದೆ. ಹದಿನಾಲ್ಕನೇ ನಂಬರಿನ ಮನೆಯ ಮುಂದೆ ಕೆಂಪು ಧೂಳು ಹೊಡೆದು ಬಣ್ಣಗೆಟ್ಟ ದಾಸವಾಳದ ಗಿಡ. ಅವಳ ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. “ಬರ್ರಿ, ಕುಂದರ್ರಿ” ಎಂದರು. ಒಳಗೆ ಕೂಗಿ ಮಗಳನ್ನು ಕರೆದರು. ತಲೆನೋವು, ಮಲಗಿದ್ದೇನೆ ಎಂದು ಒಳಗಿನಿಂದ ಮರಾಠಿಯಲ್ಲಿ ಉತ್ತರ ಬಂತು. ಅವ್ವ ಅದನ್ನು ನನಗೆ ಕನ್ನಡದಲ್ಲಿ ಹೇಳಿದರು. ನಾನು ನೀರು ಕುಡಿದು ಎದ್ದು ಬಂದೆ.

ಈಗ ನನ್ನ ಕೈಯಲ್ಲೂ ಒಂದು ಫೋನಿದೆ. ಅದರೊಳಗೆ ಯಾವುದೋ ಕಂಪನಿ ಕುಳಿತು ಎಲ್ಲ ಕೇಳುತ್ತದೆ, ಸರಕಾರವೂ ಬೇಕೆಂದಾಗ ಕೇಳುತ್ತದೆ ಎಂದು ಅಣ್ಣನ ಮಕ್ಕಳು ವಾದ ಮಾಡುತ್ತಾರೆ. ಕೇಳಲಿ ಬಿಡ್ರಿ, ನಮ್ಮದೇನೈತಿ ಮುಚ್ಚಿಡೂದು ಎಂದು ಅವರಲ್ಲೊಬ್ಬ ಅನ್ನುತ್ತಾನೆ. ಮುಚ್ಚಿಡುವುದು ಏನೂ ಇಲ್ಲದವಳೊಬ್ಬಳು ನನಗೆ ಗೊತ್ತಿದ್ದಳು ಎಂದು ನಾನು ಅವನಿಗೆ ಹೇಳುವುದಿಲ್ಲ.

ಆ ವರ್ಷದ ಮಳೆಗಾಲ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಹದಿನಾಲ್ಕು ಬಿತ್ತು. ಇಷ್ಟು ದಿನ ಆ ನಂಬರಿನಿಂದ ಅವ್ವ ಇಲ್ಲವೇ ಅಪ್ಪ ಮಾತ್ರ ಮಾತಾಡುತ್ತಿದ್ದರು. ಅವತ್ತು ಅವಳು. ಬೆಳಗಾವಿಯ ಒಂದು ನಂಬರು ಹೇಳಿದಳು, ಸ್ಪಷ್ಟವಾದ ಮರಾಠಿಯಲ್ಲಿ. ನಾನೂ ಮರಾಠಿಯಲ್ಲೇ ಹೂಂ ಎಂದೆ. ಹೊರಗಿನ ಲೈನು ಸಿಕ್ಕಲು ಐದಾರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾವಿಬ್ಬರೂ ಒಂದೇ ವಾಯರಿನ ಎರಡು ತುದಿಯಲ್ಲಿದ್ದೆವು. ಅವಳ ಉಸಿರು ಕೇಳುತ್ತಿತ್ತು. ನಾನು ಹೇಗಿದ್ದೀ ಎಂದು ಕೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಗಂಟೆ ಬಾರಿಸಿತು, ಯಾರೋ ಒಬ್ಬ ಗಂಡಸು ಫೋನ್ ಎತ್ತಿ ಹಲೋ ಎಂದ.

ಅವಳು ಅವನಿಗೆ ಉತ್ತರ ಕೊಡಲಿಲ್ಲ. ಮೊದಲು ನನಗೆ, ಕನ್ನಡದಲ್ಲಿ, “ಬಾಯಾರ, ನೀವಿನ್ನ ಹೊರಗ ಹೋಗ್ರಿ” ಎಂದಳು.

ನಾನು ಕೀ ಬಿಟ್ಟೆ. ಆ ಕೆಲಸದಲ್ಲಿ ಇದ್ದಷ್ಟು ದಿನ ಹದಿನಾಲ್ಕನೇ ನಂಬರಿನ ಮೇಲೆ ಮತ್ತೆ ಎಂದೂ ಎಳೆಯಲಿಲ್ಲ. ಆದರೆ ಬಿಟ್ಟಾಗ ಅವಳ ಕಡೆ ಯಾವ ಸದ್ದೂ ಆಗುವುದಿಲ್ಲ. ನಾನು ಹೋದದ್ದು ಅವಳಿಗೆ ಗೊತ್ತಾಗುವ ದಾರಿಯೇ ಆ ಬೋರ್ಡಿನಲ್ಲಿ ಇರಲಿಲ್ಲ.